ಘಟ್ಟದ ಕಂಡಕ್ಟರಕ್ಕನ ಮನೆ ಒಕ್ಕಲು

ಮೊನ್ನೆ ಉಪ್ಪಿನಂಗಡಿಯಲ್ಲಿ ಒಬ್ಬರು ಅಜ್ಜಿ ನನ್ನ ಬಸ್ಸು ಹತ್ತಿದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ. "ಎಲ್ಲಿಗ್ರಿ ಅಜ್ಜಿ?" ಎಂದೆ. ಅಷ್ಟು ಸಾಕಾಯಿತು. ಅಜ್ಜಿ ತಾವು ಎಲ್ಲಿಗೆ ಹೋಗಬೇಕು ಎನ್ನುವುದನ್ನೇ ಮರೆತು ನನ್ನ ಮುಖ ನೋಡಿದರು.

"ನೀವು ಘಟ್ಟದವರಾ?"

"ಹೌದ್ರಿ. ಟಿಕೇಟು ಎಲ್ಲಿಗೆ ಕೊಡ್ಲಿ?"

"ಘಟ್ಟದಲ್ಲಿ ಎಲ್ಲಿ?"

"ಗದಗ ಕಡೆ."

"ಅಷ್ಟು ದೂರದಿಂದ ಇಲ್ಲಿಗೆ ಬಂದದ್ದಾ! ಸೆಕೆ ಆಗುದಿಲ್ವಾ ನಿಮ್ಗೆ?"

ಸೆಕೆಯ ವಿಚಾರ, ಮದುವೆಯ ವಿಚಾರ, ಮಕ್ಕಳ ವಿಚಾರ ಎಲ್ಲ ಮುಗಿಯುವಷ್ಟರಲ್ಲಿ ಅಜ್ಜಿ ಇಳಿಯಬೇಕಾಗಿದ್ದ ಸ್ಟಾಪು ಹಿಂದೆ ಹೋಗಿತ್ತು. ನಾನು ಸೀಟಿ ಊದಿ ಬಸ್ಸು ನಿಲ್ಲಿಸಿ, ಕೈ ಹಿಡಿದು ಇಳಿಸಿದೆ. ಇಳಿದವರು ರಸ್ತೆಯ ಬದಿ ನಿಂತಿದ್ದ ಯಾರಿಗೋ ಹೇಳುತ್ತಿದ್ದರು: "ಈ ಘಟ್ಟದವರು ಮಾತಾಡಿಸಿ ಮಾತಾಡಿಸಿ ಸ್ಟಾಪ್ ದಾಟಿಸಿಯೇ ಬಿಟ್ರು ಮಾರಾಯ್ರೆ!" ಆ ದಿನವಿಡೀ ನನಗೆ ನಗು ತಡೆಯಲು ಆಗಲಿಲ್ಲ.

ನಾನು ಸರಕಾರಿ ಬಸ್ಸಿನ ಕಂಡಕ್ಟರು. ಹುಟ್ಟಿದ್ದು ಗದಗದ ಹತ್ತಿರದ ಎರೆ ಮಣ್ಣಿನ ಹಳ್ಳಿಯಲ್ಲಿ, ನೌಕರಿ ಸಿಕ್ಕಿದ್ದು ಪುತ್ತೂರಿನಲ್ಲಿ. ನನ್ನ ಬಸ್ಸು ಪುತ್ತೂರು ಬಿಟ್ಟು ಉಪ್ಪಿನಂಗಡಿ, ನೆಲ್ಯಾಡಿ, ಇಚಿಲಂಪಾಡಿ ಎಂದು ಸುತ್ತಿ ಕಡಬ ಸೇರುತ್ತದೆ. ಕೆಲವೊಮ್ಮೆ ಸುಳ್ಯದ ಕಡೆ ಹಾಕುತ್ತಾರೆ, ಆಗ ಅರಂತೋಡಿನವರೆಗೂ ಹೋಗಿ ಬರುತ್ತೇನೆ. ಈ ದಾರಿಯ ಉದ್ದಕ್ಕೂ ನನ್ನ ಹೆಸರು ಗಂಗವ್ವ ಎಂದು ತಿಳಿದವರು ಕಡಿಮೆ. ಎದುರಿಗೆ ಕಂಡಕ್ಟರಕ್ಕ, ಬೆನ್ನ ಹಿಂದೆ ಘಟ್ಟದ ಹೆಂಗಸು. ಘಟ್ಟ ಎಂದರೆ ಶಿರಾಡಿಯಿಂದ ಆಚೆ ಇರುವ ಸಮಸ್ತ ಭೂಮಿ. ಮೈಸೂರನ್ನು ನಾನು ಈವರೆಗೆ ಕಣ್ಣಿನಿಂದ ನೋಡಿಲ್ಲ. ಆದರೆ ಇವರ ಲೆಕ್ಕದಲ್ಲಿ ಮೈಸೂರಿನವರೂ ಬೀದರಿನವರೂ ನಾನೂ ಒಂದೇ ಮನೆಯ ಅಣ್ಣತಮ್ಮಂದಿರು, ಅಕ್ಕತಂಗಿಯರು.

ಘಟ್ಟದವರು ಹೇಗಿರುತ್ತಾರೆ ಎನ್ನುವುದು ನನಗೆ ಇಲ್ಲಿಗೆ ಬಂದ ಮೇಲೆಯೇ ಗೊತ್ತಾದದ್ದು. ಅವರು ಜೋರು. ಅವರಿಗೆ ಜಗಳ ಎಂದರೆ ಹಬ್ಬ. ಮೆಣಸಿನಕಾಯಿಯನ್ನು ನಾವು ಕಡಲೆಬೀಜ ತಿಂದ ಹಾಗೆ ತಿನ್ನುತ್ತೇವಂತೆ. ನೀರಿನ ಬೆಲೆ ಗೊತ್ತಿರುವುದರಿಂದ ಸ್ನಾನಕ್ಕೆ ಆತುರ ಮಾಡುವುದಿಲ್ಲವಂತೆ. ಈ ಪಟ್ಟಿಯಲ್ಲಿ ಜೋರು ಎನ್ನುವುದನ್ನು ನಾನು ಒಪ್ಪುತ್ತೇನೆ. ಹೊಲದ ಈ ಬದುವಿನಲ್ಲಿ ನಿಂತು ಆ ಬದುವಿನಲ್ಲಿದ್ದ ಅಪ್ಪನನ್ನು ಬುತ್ತಿಗೆ ಕೂಗಿ ಕರೆದು ತಯಾರಾದ ಗಂಟಲು ನನ್ನದು. ಅದನ್ನು ಬಸ್ಸಿನೊಳಗೆ ತಂದು "ಒಳಗ್ ಸರೀರಿ!" ಎಂದರೆ ಇಲ್ಲಿನ ಜನ ಬೆಚ್ಚುತ್ತಾರೆ, ಒಳಗೂ ಸರಿಯುತ್ತಾರೆ. ನನ್ನ ಬಸ್ಸಿನಲ್ಲಿ ಬಾಗಿಲ ಬಳಿ ಜನ ಜೋತುಬೀಳುವುದಿಲ್ಲ. ಇದನ್ನು ಯಾರೂ ಘಟ್ಟದವರ ಗುಣಗಳ ಪಟ್ಟಿಗೆ ಸೇರಿಸಿಲ್ಲ.

ಕಡಬದಲ್ಲಿ ಬಾಡಿಗೆ ಮನೆ ಹುಡುಕುವಾಗ ಒಬ್ಬ ಯಜಮಾನರು ನಮ್ಮಿಬ್ಬರನ್ನೂ ಕೂರಿಸಿ, ಬೆಲ್ಲ ನೀರು ಕೊಟ್ಟು, ಬಹಳ ಮರ್ಯಾದೆಯಿಂದ ಹೇಳಿದರು: "ಮನೆ ಉಂಟು. ಆದ್ರೆ ನೀವು ಘಟ್ಟದವರಲ್ವಾ, ಬಾವಿಕಟ್ಟೆಯ ಹತ್ರ ಜೋರು ಮಾತಾಡ್ಬಾರ್ದು." ನನ್ನ ಗಂಡ ಈರಣ್ಣ ನೆಲ್ಯಾಡಿಯ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವವನು. ದಿನವಿಡೀ ಕಬ್ಬಿಣದ ಸದ್ದಿನಲ್ಲಿ ಇದ್ದು ಮಾತೇ ಮರೆತವನು. ಅವನು ತಲೆಯಾಡಿಸಿದ. ಆ ಮನೆಯಲ್ಲಿ ಇದ್ದಷ್ಟು ಕಾಲವೂ ನಾನು ಬಾವಿಕಟ್ಟೆಯಲ್ಲಿ ಪಿಸುಗುಟ್ಟಿದ್ದೇನೆ. ಯಜಮಾನರ ಹೆಂಡತಿ ಮಾತ್ರ ಅಲ್ಲಿಂದಲೇ ತೋಟದ ತುದಿಯಲ್ಲಿದ್ದ ಗಂಡನಿಗೆ ತುಳುವಿನಲ್ಲಿ ಕೂಗಿ ಇಡೀ ದಿನದ ವರದಿ ಒಪ್ಪಿಸುತ್ತಿದ್ದರು.

ನನ್ನ ಅನುಭವದಲ್ಲಿ ಒರಟುತನದಲ್ಲೂ ಊರಿಗೊಂದು ಪದ್ಧತಿ ಉಂಟು. ನೋಡಿ, ನನಗೂ ಈಗ 'ಉಂಟು' ಬಂದುಬಿಟ್ಟಿದೆ. ನಮ್ಮ ಕಡೆ ಬೈಯುವುದಿದ್ದರೆ ಮುಖಕ್ಕೆ ಮುಖ ಕೊಟ್ಟು, ಹೆಸರು ಹಿಡಿದು, ಬೇಕಾದರೆ ಅವರಪ್ಪನ ಹೆಸರನ್ನೂ ಸೇರಿಸಿ ಬೈಯುತ್ತಾರೆ. ಬೈದು ಮುಗಿದ ಮೇಲೆ ಚಹಾ ಕುಡಿಸುತ್ತಾರೆ. ಇಲ್ಲಿನವರಿಗೆ ದಾಕ್ಷಿಣ್ಯ ಹೆಚ್ಚು, ಮುಖಕ್ಕೆ ಹೇಳುವುದಿಲ್ಲ. ಬಸ್ಸಿನ ಕಿಟಕಿಗೆ ಹೇಳುತ್ತಾರೆ. "ಈ ಘಟ್ಟದವರಿಗೆ ಒಂದು ದಾಕ್ಷಿಣ್ಯ ಅಂತ ಇಲ್ಲ" ಎಂದು ಹೊರಗಿನ ರಬ್ಬರ್ ಮರಗಳನ್ನು ನೋಡುತ್ತ ಹೇಳುತ್ತಾರೆ, ಒಳಗೆ ನಿಂತ ನಾನು ಕೇಳಿಸಿಕೊಳ್ಳಬೇಕು.

ಈ ಕಿಟಕಿ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ಇಚಿಲಂಪಾಡಿಯ ದೇವಕಿಯಕ್ಕ. ಅರವತ್ತು ದಾಟಿದ ಹೆಂಗಸು, ಹಳೆಯ ತೋಟದ ಮನೆತನ, ಊರಿನಲ್ಲಿ ಅವರು ಹೇಳಿದ್ದು ನಡೆಯುತ್ತದೆ. ಅವರ ಗೇಟು ಇರುವುದು ಎರಡು ಸ್ಟಾಪುಗಳ ನಡುವೆ. ಬಸ್ಸು ತಮ್ಮ ಗೇಟಿನ ಎದುರೇ ನಿಲ್ಲಬೇಕು ಎಂದು ಅವರ ಆಸೆ. ಮೊದಲ ದಿನವೇ ನಾನು "ಸ್ಟಾಪಿನ್ಯಾಗ ಇಳೀರಿ ಅಕ್ಕಾರ, ಎಲ್ಲಾರ ಗೇಟಿಗೂ ನಿಲ್ಲಿಸಿದ್ರ ಕಡಬ ಮುಟ್ಟೂದು ನಾಳೆ" ಎಂದುಬಿಟ್ಟೆ. ಹಿಂದಿನ ಸೀಟಿನವರು ಕಿಸಕ್ಕೆಂದರು. ದೇವಕಿಯಕ್ಕ ಮುಖ ಗಂಟಿಕ್ಕಿ ಕಿಟಕಿಗೆ ಹೇಳಿದರು: "ನಮ್ಮ ಊರಿಗೆ ಬಂದು ನಮಗೇ ಕಾನೂನು ಹೇಳುದು." ಅಂದಿನಿಂದ ನಾವಿಬ್ಬರೂ ದಿನಾ ಭೇಟಿಯಾಗುತ್ತಿದ್ದೆವು, ನೇರ ಮಾತು ಮಾತ್ರ ಇರಲಿಲ್ಲ. ನಾನು ಟಿಕೇಟು ಕೊಡುತ್ತಿದ್ದೆ, ಅವರು ಕಿಟಕಿಯನ್ನು ಬೈಯುತ್ತಿದ್ದರು.

ಆದರೆ ಇದಕ್ಕೆಲ್ಲ ನಾನು ಕಣ್ಣೀರು ಹಾಕಿದವಳಲ್ಲ. ಯಾಕೆಂದರೆ ಈ ಆಟದ ಇನ್ನೊಂದು ಬದಿಯನ್ನು ಚಿಕ್ಕಂದಿನಲ್ಲೇ ನೋಡಿದ್ದೆ. ನಮ್ಮೂರ ಬಸ್‌ಸ್ಟ್ಯಾಂಡಿನ ಪಕ್ಕ ಒಂದು ಹೋಟೆಲಿತ್ತು. ನಡೆಸುತ್ತಿದ್ದ ಭಟ್ಟರು ಪುತ್ತೂರಿನ ಕಡೆಯವರು. ನಮ್ಮೂರ ಹಿರಿಯರು ದಿನಾ ಬೆಳಗ್ಗೆ ಅವರ ಇಡ್ಲಿ ತಿನ್ನುತ್ತ ಅವರನ್ನೇ ಆಡಿಕೊಳ್ಳುತ್ತಿದ್ದರು. "ಘಟ್ಟದ ಕೆಳಗಿನ ಮಂದಿ ನೀರಾಗ ಹುಟ್ಟಿ ನೀರಾಗ ಬೆಳದವರು, ಅದಕ್ಕ ಇವರ ಸಾರೂ ನೀರು." "ಸಾಂಬಾರಕ್ಕ ಬೆಲ್ಲ ಹಾಕ್ತಾನಪಾ, ಪಾಯಸ ಅಂತ ತಿಳದಾನೇನು!" ಭಟ್ಟರು ಗಲ್ಲೆಯ ಮೇಲೆ ಕೂತು ನಗುತ್ತಿದ್ದರು. ನಾವು ಮಕ್ಕಳು ಹೋದರೆ "ಎಂತ ಬೇಕು ಮಕ್ಕಳೇ?" ಎನ್ನುತ್ತಿದ್ದರು. ನಾವು ಒಂದು ಪೆಪ್ಪರಮೆಂಟು ಕೊಂಡು, ದಾರಿಯುದ್ದಕ್ಕೂ "ಎಂತ ಬೇಕು, ಎಂತ ಬೇಕು" ಎಂದು ಕುಣಿಯುತ್ತ ಮನೆಗೆ ಬರುತ್ತಿದ್ದೆವು.

ಒಂದು ಎಳ್ಳ ಅಮಾವಾಸ್ಯೆಗೆ ಅಪ್ಪ ಭಟ್ಟರನ್ನು ಹೊಲದ ಊಟಕ್ಕೆ ಕರೆತಂದ. ಬನ್ನಿ ಮರದ ಕೆಳಗೆ ಎಲ್ಲರೂ ಕೂತೆವು. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಲೆ, ಅವ್ವ ಕಲ್ಲಿನಲ್ಲಿ ಅರೆದ ಕೆಂಪು ಚಟ್ನಿ. ಭಟ್ಟರು ಎರಡು ತುತ್ತು ತಿಂದರು, ಕಣ್ಣಿನಲ್ಲಿ ಧಾರಾಕಾರ ನೀರು. ಅವ್ವ ಗಾಬರಿಯಾಗಿ ಮೊಸರು ಸುರಿದಳು. ಅವರು ಅಂಗವಸ್ತ್ರದಲ್ಲಿ ಮುಖ ಒರೆಸಿಕೊಂಡು, "ಇಷ್ಟು ವರ್ಷದಲ್ಲಿ ಈ ಊರಲ್ಲಿ ಒಂದು ಮನೆಯವರ ಒಟ್ಟಿಗೆ ಕೂತು ಊಟ ಮಾಡಿದ್ದು ಇದೇ ಮೊದಲು" ಎಂದರು. ಆಗ ನನಗೆ ಆ ಮಾತು ಅರ್ಥವಾಗಲಿಲ್ಲ, ಖಾರಕ್ಕೆ ಅತ್ತ ಗಂಡಸನ್ನು ನೋಡಿದ ಸಂಭ್ರಮ ಮಾತ್ರ ಇತ್ತು. ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಮೊದಲ ದಿನ ಇಳಿದಾಗ ಸುತ್ತ ನೂರಾರು ಜನ 'ಎಂತ', 'ಎಂತ' ಎನ್ನುತ್ತಿದ್ದರು. ನಾನೊಬ್ಬಳೇ ನಿಂತು ನಕ್ಕೆ.

ಇಷ್ಟೆಲ್ಲ ಹೇಳಿದ್ದು ಮನೆಯ ಕತೆಗೆ ಬರಲಿಕ್ಕೆ. ಬಾಡಿಗೆ ಸಾಕಾಗಿ ನಾವು ಇಚಿಲಂಪಾಡಿಯಲ್ಲಿ ಸಣ್ಣ ಜಾಗ ತೆಗೆದುಕೊಂಡು, ಎರಡು ಕೋಣೆಯ ಮನೆ ಕಟ್ಟಿಸಿದೆವು. ಗದಗ ಕಡೆಯ ನಮ್ಮೂರಲ್ಲಿ ಇದು ದೊಡ್ಡ ರಂಪವಾಯಿತು. ನನ್ನ ಅಣ್ಣ ಬಸಣ್ಣ ಫೋನಿನಲ್ಲೇ ಉರಿದುಬಿದ್ದ. "ನೌಕರಿಗೆ ಹೋದವರು ನೌಕರಿ ಮಾಡಿ ತಿರುಗಿ ಬರಬೇಕು. ಅಲ್ಲೇ ಮನಿ ಕಟ್ಟತಾರೇನು? ಆ ಮಂದಿ ನಕ್ಕೋತ ಮಾತಾಡಿ ಬಾಗಿಲಾ ಹಾಕ್ಕೋತಾರ. ನಾಳೆ ಒಂದು ಹೆಚ್ಚುಕಡಿಮಿ ಆದ್ರ ನಿನ್ನ ಬಾಗಿಲಿಗೆ ಯಾರು ಬರ್ತಾರ ಹೇಳು, ಒಂದ ಹೆಸರು ಹೇಳು." ನಾನು ಹೆಸರು ಹೇಳಲಿಲ್ಲ. "ಮನಿ ಒಕ್ಕಲಿಗೆ ಬಾ, ಕಣ್ಣಿಂದ ನೋಡು" ಎಂದೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವನು ಅಣ್ಣ. ಅವನ ಮುಂದೆ ನನ್ನ ಅಂಗಳ ಖಾಲಿ ಇರಬಾರದು. ಅದೊಂದೇ ನನಗೆ ಬೇಕಾಗಿದ್ದದ್ದು, ಬೇರೆ ಯಾವ ಹಂಬಲವೂ ಇರಲಿಲ್ಲ.

ಗೃಹಪ್ರವೇಶದ ಕಾಗದ ಅಚ್ಚು ಹಾಕಿಸಿ, ಅರಿಶಿನ ಹಚ್ಚಿ, ಗಂಡ ಹೆಂಡತಿ ಇಚಿಲಂಪಾಡಿಯ ಮನೆಮನೆಗೂ ಹೋದೆವು. ನಮ್ಮ ಕಡೆ ಮಂದಿಯನ್ನು ಊಟಕ್ಕೆ ಕರೆಯುವಾಗ ಅವರನ್ನು ರಾಜರ ಹಾಗೆ ಕರೆಯುತ್ತೇವೆ. ಕರೆಸಿಕೊಂಡವರು ಕೆಲಸಕ್ಕೆಂದು ಕೈ ಒದ್ದೆ ಮಾಡಬಾರದು. ನಾನೂ ಹಾಗೆಯೇ ಎಲ್ಲ ಮನೆಯಲ್ಲೂ ಎದೆಯುಬ್ಬಿಸಿ ಹೇಳಿದೆ: "ಅಡಗಿಗೆ, ಬಡಸಾಕ ಎಲ್ಲಾ ಮಂದಿ ಹಚ್ಚೀವ್ರಿ. ನಿಮಗ ಏನೂ ತ್ರಾಸ ಇಲ್ಲ. ಸೀದಾ ಊಟದ ಹೊತ್ತಿಗೆ ಬರ್ರಿ, ಆರಾಮ ಉಂಡು ಹೋಗ್ರಿ." ಎಲ್ಲ ಮನೆಯಲ್ಲೂ ಬೆಲ್ಲ ನೀರು ಕೊಟ್ಟರು. "ಆಯ್ತು, ನೋಡುವ" ಎಂದರು. ದೇವಕಿಯಕ್ಕ ಕಾಗದವನ್ನು ತೆಗೆದುಕೊಂಡು, ಕಿಟಕಿ ಇಲ್ಲದ ಕಾರಣ ಗೋಡೆಯ ಕ್ಯಾಲೆಂಡರು ನೋಡಿದರು. "ಊಟಕ್ಕೆ ಮಾತ್ರ ಅಲ್ವಾ," ಎಂದರು. "ಹೌದ್ರಿ, ಊಟಕ್ಕ!" ಎಂದು ನಾನು ಇನ್ನಷ್ಟು ಜೋರಾಗಿ ಹೇಳಿದೆ. ಅವರು ಕಾಗದವನ್ನು ಟಿವಿಯ ಮೇಲೆ ಇಟ್ಟು ಒಳಗೆ ಹೋದರು.

ಆಮೇಲೆ ಬಸ್ಸಿನಲ್ಲಿ ಏನೋ ಬದಲಾಯಿತು. ಯಾರೂ ಕಿಟಕಿಯನ್ನು ಬೈಯಲಿಲ್ಲ. ಇಚಿಲಂಪಾಡಿಯವರು ಹತ್ತಿದರೆ ಊರಿನ ಹೆಸರು ಹೇಳಿ, ಟಿಕೇಟು ತಗೊಂಡು ಸುಮ್ಮನಾಗುತ್ತಿದ್ದರು. ಮನೆಯ ಕೆಲಸ ಎಲ್ಲಿಗೆ ಬಂತು ಎಂದು ಒಬ್ಬರೂ ಕೇಳಲಿಲ್ಲ. ದೇವಕಿಯಕ್ಕನಂತೂ ಸ್ಟಾಪಿನಲ್ಲೇ ಹತ್ತಿ ಸ್ಟಾಪಿನಲ್ಲೇ ಇಳಿಯತೊಡಗಿದರು. ಅದನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು.

ಗಂಟು ಬಿಚ್ಚಿದವರು ನೆಲ್ಯಾಡಿಯ ಥಾಮಸ್ ಚೇಟ. ಚೇಟ ಎಂದರೆ ಮಲಯಾಳದಲ್ಲಿ ಅಣ್ಣ. ಅವರ ಅಪ್ಪ ಕೇರಳದಿಂದ ಬಂದು ಗುಡ್ಡೆ ಕಡಿದು ರಬ್ಬರ್ ಹಾಕಿದವರು. ಚೇಟನಿಗೆ ಈಗ ಎಪ್ಪತ್ತರ ಹತ್ತಿರ. ಚಾಲಕನ ಹಿಂದಿನ ಸೀಟು ಅವರಿಗೇ ಮೀಸಲು ಎಂದು ಇಡೀ ಬಸ್ಸು ಒಪ್ಪಿಕೊಂಡಿದೆ. ಒಕ್ಕಲಿಗೆ ಇನ್ನೇನು ಎರಡು ದಿನ ಎನ್ನುವಾಗ ನನ್ನ ಮುಖ ನೋಡಿ "ಎಂತಾಯ್ತು ಮೋಳೇ?" ಎಂದರು, ಮೋಳೇ ಎಂದರೆ ಅವರ ಭಾಷೆಯಲ್ಲಿ ಮಗಳೇ. ನಾನು ಎಲ್ಲ ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕರು. ನನಗೆ ಸಿಟ್ಟೇ ಬಂತು.

"ಮುನ್ನಾದಿನ ಸಂಜೆ ಬಂದು ಸುಧಾರಿಸಿಕೊಡ್ಬೇಕು ಅಂತ ಹೇಳಿದ್ಯಾ?"

"ಅದ್ಯಾಕ ಹೇಳಬೇಕ್ರಿ? ಮಂದಿ ಹಚ್ಚೀವಲ್ಲ."

"ಅದೇ ನೋಡು. ಇಲ್ಲಿ ಒಂದು ಮನೆಯಲ್ಲಿ ಕಾರ್ಯಕ್ರಮ ಅಂದ್ರೆ ಮುನ್ನಾದಿನ ಊರವರು ಅವರವರ ಚಾಕು ಹಿಡ್ಕೊಂಡು ಬಂದು ತರಕಾರಿ ಹೆಚ್ಚುದು. ಮರುದಿನ ಅವರೇ ಬಡಿಸುದು. ಊಟ ಎಲ್ಲ ಆಮೇಲಿನ ಮಾತು. ಊಟಕ್ಕೆ ಮಾತ್ರ ಬನ್ನಿ ಅಂದ್ರೆ, ನೀವು ನಮ್ಮವರಲ್ಲ ಅಂತ ಬಾಗಿಲಲ್ಲೇ ನಿಲ್ಲಿಸಿದ ಹಾಗೆ. ನನ್ನ ಅಕ್ಕನ ಮದುವೆಗೆ ಅಪ್ಪ ಇದನ್ನೇ ಮಾಡಿದ್ದು. ಊರವರಿಗೆ ಕಷ್ಟ ಕೊಡ್ಬಾರ್ದು ಅಂತ. ಅರ್ಧ ಅನ್ನ ಉಳೀತು ಮೋಳೇ, ಮಲಯಾಳಿಗಳಿಗೆ ಅಹಂಕಾರ ಅಂತ ಹೆಸರೂ ಬಂತು."

ನಾನು ಸೀಟಿನ ಕಂಬಿ ಹಿಡಿದು ನಿಂತೆ. ಮನೆಮನೆಗೂ ಹೋಗಿ, ಅರಿಶಿನ ಹಚ್ಚಿದ ಕಾಗದ ಕೊಟ್ಟು, ಇಡೀ ಊರಿಗೆ ಜೋರು ದನಿಯಲ್ಲಿ ಅವಮಾನ ಮಾಡಿ ಬಂದಿದ್ದೆ. ಇದಕ್ಕಿಂತ ಶಿಸ್ತಾಗಿ ಯಾವ ಘಟ್ಟದವರೂ ಮಾಡಿರಲಿಕ್ಕಿಲ್ಲ.

ಮತ್ತೆ ಮನೆಮನೆ ಸುತ್ತಲು ಹೊತ್ತಿರಲಿಲ್ಲ. ಮುನ್ನಾದಿನ ಬೆಳಗಿನ ಟ್ರಿಪ್ಪು ಮುಗಿಸಿದ ಮೇಲೆಯೇ ನನ್ನ ರಜೆ ಶುರು. ಅಡುಗೆಯವನಿಗೆ ಫೋನು ಮಾಡಿ, ತರಕಾರಿ ಹೆಚ್ಚಿ ತರಬೇಡ, ಇಡಿಯಾಗಿ ತಂದು ಅಂಗಳದಲ್ಲಿ ಸುರಿ ಎಂದೆ. ಅವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಬೆಳಗಿನ ಟ್ರಿಪ್ಪಿನಲ್ಲಿ ಇಚಿಲಂಪಾಡಿ ದಾಟುತ್ತಿದ್ದಂತೆ ಬಸ್ಸು ಊರವರಿಂದಲೇ ತುಂಬಿತು. ನಾನು ಮುಂದಿನ ಬಾಗಿಲ ಬಳಿ ಹೋಗಿ, ಎಲ್ಲರಿಗೂ ಮುಖ ಮಾಡಿ ನಿಂತೆ. ಇಷ್ಟು ವರ್ಷ ಯಾವ ಗಂಟಲಿಗೆ ಹೆಸರು ಇಟ್ಟಿದ್ದರೋ ಅದನ್ನೇ ಪೂರ್ತಿ ಬಿಚ್ಚಿದೆ.

"ಎಲ್ಲಾರೂ ಕೇಳ್ರಿ! ನಾಳೆ ನನ್ನ ಮನಿ ಒಕ್ಕಲು. ನಿಮ್ಮೂರ ಪದ್ಧತಿ ಗೊತ್ತಿಲ್ಲದ ಬರೇ ಊಟಕ್ಕ ಕರದೆ. ಅದು ತಪ್ಪು ಕರೆ, ಈಗ ಸರಿ ಕರೀತೀನಿ. ಇವತ್ತು ಸಂಜಿಗೆ ಚಾಕು ತಗೊಂಡು ಬಂದು ಸುಧಾರಿಸಿಕೊಡಬೇಕು. ಮಂದಿ ಬರದಿದ್ರ ಕುಂಬಳಕಾಯಿ ನನ್ನ ಅಂಗಳದಾಗ ಹಂಗ ಕುಂದರತಾವ. ನನ್ನ ಅಣ್ಣ ಬರಾಕ ಹತ್ಯಾನ, ಅವನ ಮುಂದ ನನ್ನ ಮಾನ ನಿಮ್ಮ ಕೈಯಾಗ ಐತಿ!"

ಎಲ್ಲರೂ ಕಿಟಕಿಯ ಹೊರಗೆ ನೋಡುತ್ತಿದ್ದರು, ಒಬ್ಬರೂ ಕಿಟಕಿಗೂ ಏನೂ ಹೇಳಲಿಲ್ಲ. ದೇವಕಿಯಕ್ಕ ಕಡಬದಲ್ಲಿ ಇಳಿದು, ಸೆರಗು ಸರಿಮಾಡಿಕೊಂಡು, ಹಿಂತಿರುಗಿ ನೋಡದೆ ನಡೆದರು.

ಸಂಜೆಯಾಯಿತು. ಅಂಗಳದಲ್ಲಿ ಚಪ್ಪರದ ಕೆಳಗೆ ಕುಂಬಳಕಾಯಿ, ಸೌತೆಕಾಯಿ, ತೊಂಡೆಕಾಯಿ, ಅಲಸಂಡೆ, ಎಲ್ಲ ರಾಶಿ ಬಿದ್ದಿದ್ದವು. ಅಡುಗೆಯವನು ಒಲೆಯ ಬಳಿ ನಿಂತು ಒಮ್ಮೆ ರಾಶಿಯನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದ. ಅಣ್ಣನ ಟೆಂಪೋ ಘಟ್ಟ ಇಳಿದಿದೆ ಎಂದು ಫೋನು ಬಂತು. ಈರಣ್ಣ ಅಡುಗೆಮನೆಯಿಂದ ಎರಡು ಚಾಕು ತಂದು, ಒಂದನ್ನು ನನ್ನ ಕೈಗೆ ಕೊಟ್ಟ. "ಬಾ, ನಾವಿಬ್ರ ಶುರು ಮಾಡೂಣು" ಎಂದ. ನಾವಿಬ್ಬರೂ ನೆಲದ ಮೇಲೆ ಕೂತು ತೊಂಡೆಕಾಯಿ ಹೆಚ್ಚತೊಡಗಿದೆವು. ನಾಲ್ಕು ತೊಂಡೆಕಾಯಿ ಆಗುವಷ್ಟರಲ್ಲಿ ನನಗೆ ಕಣ್ಣು ಮಂಜಾಯಿತು. ಈರುಳ್ಳಿ ಇನ್ನೂ ದೂರ ಇತ್ತು, ಆದ್ದರಿಂದ ತಪ್ಪನ್ನು ಅದರ ಮೇಲೆ ಹಾಕುವಂತಿಲ್ಲ.

"ಇದೆಂತ, ಬರೀ ನೆಲದಲ್ಲಿ ಕೂತು ಹೆಚ್ಚುದಾ? ಚಾಪೆ ಇಲ್ವಾ ಈ ಮನೆಯಲ್ಲಿ?"

ತಲೆ ಎತ್ತಿದರೆ ದೇವಕಿಯಕ್ಕ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಚಾಕು. ಹಿಂದೆ ಅವರ ಸೊಸೆ, ಪಕ್ಕದ ಮನೆಯವರು, ಆಚೆ ತೋಟದ ಗಂಡಸರು, ಅವರ ಹಿಂದೆ ನೆಲ್ಯಾಡಿಯಿಂದ ಬಂದ ಥಾಮಸ್ ಚೇಟ. ನಾನು ಏಳುವ ಮೊದಲೇ ಯಾರೋ ಚಾಪೆ ಹಾಸಿದರು, ಯಾರೋ ಬಲ್ಬಿನ ವಯರನ್ನು ಚಪ್ಪರದ ಕಂಬಕ್ಕೆ ಕಟ್ಟಿದರು. ದೇವಕಿಯಕ್ಕ ನಾನು ಹೆಚ್ಚಿದ ತೊಂಡೆಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿದರು. "ಹೀಗೆ ಹೆಚ್ಚಿದ್ರೆ ಬೇಯುದು ಯಾವಾಗ ಮಾರಾಯ್ತಿ? ನಿಂಗೆ ಬಸ್ಸಿನಲ್ಲಿ ಬೊಬ್ಬೆ ಹೊಡೀಲಿಕ್ಕೆ ಮಾತ್ರ ಗೊತ್ತಿರುದು. ಹೋಗು, ಎಲ್ಲರಿಗೆ ಚಾ ಮಾಡು."

ನೋಡಿ, ನೀವು ಎನ್ನುತ್ತಿದ್ದವರು ನೀನು ಎಂದರು. ಕಿಟಕಿ ಇಲ್ಲದೆ, ಗೋಡೆ ಇಲ್ಲದೆ, ನೇರ ನನ್ನ ಮುಖಕ್ಕೆ ಬೈದರು. ನಾನು ಚಾ ಮಾಡಲು ಒಳಗೆ ಹೋದೆ. ಸ್ಟೋವಿನ ಮುಂದೆ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡೆ. ಇಷ್ಟು ಸಂತೋಷ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ಅಣ್ಣನ ಟೆಂಪೋ ಬಂದಾಗ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಣ್ಣ ಇಳಿದು, ತಲೆಯ ಪಟಗ ಸರಿ ಮಾಡಿಕೊಂಡು, ನಿಂತು ನೋಡಿದ. ಅವನ ಹಿಂದೆ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ಊರಿನ ಮುಳಗಾಯಿಯ ಒಂದು ಚೀಲ ಇಳಿದವು. ಮುಳಗಾಯಿ ಎಂದರೆ ಇಲ್ಲಿಯವರ ಬದನೆಕಾಯಿ. ನಾಳೆ ತಂಗಿಯ ಮನೆಯಲ್ಲಿ ಎಣ್ಣೆಗಾಯಿ ಆಗಲೇಬೇಕು ಎಂದು ಅಣ್ಣ ಹಟ ಹಿಡಿದು ತಂದಿದ್ದ. "ಇಷ್ಟೂ ಮಂದಿ ಯಾರು?" ಎಂದು ಕಿವಿಯಲ್ಲಿ ಕೇಳಿದ. "ನೀ ಒಂದ ಹೆಸರು ಕೇಳಿದ್ದಿ" ಎಂದೆ. ಅವನು ಕೈಕಾಲು ತೊಳೆದು, ಚಾ ಕುಡಿದು, ತಾನೂ ಚಾಪೆಯ ತುದಿಯಲ್ಲಿ ಕೂತು ಮುಳಗಾಯಿ ಹೆಚ್ಚತೊಡಗಿದ.

ಎಣ್ಣೆಗಾಯಿಯ ಮುಳಗಾಯಿಯನ್ನು ತುಂಡು ಮಾಡುವುದಿಲ್ಲ. ತುದಿಯಿಂದ ನಾಲ್ಕು ಸೀಳು ಸೀಳಿ, ತೊಟ್ಟಿನ ಹತ್ತಿರ ಬಿಡುತ್ತಾರೆ, ಒಳಗೆ ಮಸಾಲೆ ತುಂಬಲಿಕ್ಕೆ. ಅಣ್ಣ ಹಾಗೆ ಸೀಳಿ ಸೀಳಿ ಬುಟ್ಟಿಗೆ ಹಾಕುತ್ತಿದ್ದ. ದೇವಕಿಯಕ್ಕನ ಕಣ್ಣು ಬುಟ್ಟಿಯ ಮೇಲೆ ಬಿತ್ತು. ಒಂದನ್ನು ಎತ್ತಿ ಹಿಡಿದರು.

"ಇದೆಂತ ಇದು, ಅರ್ಧಕ್ಕೆ ಬಿಟ್ಟದ್ದು? ಈ ಘಟ್ಟದವರಿಗೆ ಒಂದು ಕೆಲಸ ಪೂರ್ತಿ ಮಾಡ್ಲಿಕ್ಕೆ ಬರುದೇ ಇಲ್ಲ!"

ಚಾಕುಗಳ ಸದ್ದು ನಿಂತಿತು. ಸೊಸೆ ತಲೆ ತಗ್ಗಿಸಿದಳು. ಅಣ್ಣನ ಕೈ ಹಾಗೆಯೇ ನಿಂತಿತ್ತು, ಮುಖ ಕೆಂಪಾಗಿತ್ತು. ದೇವಕಿಯಕ್ಕನಿಗೂ ತಾನು ಯಾರ ಅಂಗಳದಲ್ಲಿ ಕೂತು ಏನು ಹೇಳಿದೆ ಎನ್ನುವುದು ಹೊಳೆಯಿತು. ನನ್ನ ಕಡೆ ತಿರುಗಿ ಅವಸರದಲ್ಲಿ ಹೇಳಿದರು: "ನಿಂಗೆ ಹೇಳಿದ್ದಲ್ಲ ಮಾರಾಯ್ತಿ. ನೀನು ನಮ್ಮವಳೇ ಅಲ್ವಾ. ನಾನು ಇವರಿಗೆ ಹೇಳಿದ್ದು."

ಇಷ್ಟು ವರ್ಷ ಕಾದದ್ದು ಈ ಮಾತಿಗೇ. ಅದು ಬಂದದ್ದು ಮಾತ್ರ ನನ್ನ ಅಣ್ಣನ ತಲೆಯ ಮೇಲಿನಿಂದ. ಆ ಮಾತನ್ನು ತೆಗೆದುಕೊಂಡರೆ ನಾನು ಈ ಕಡೆಯ ಚಾಪೆಯವಳು, ಅಣ್ಣ ಆ ಕಡೆಯ ಟೆಂಪೋದವನು. ನನಗೆ ಆಲೋಚನೆ ಮಾಡುವ ಅಗತ್ಯವೇ ಬೀಳಲಿಲ್ಲ. ಚಾದ ತಟ್ಟೆ ಕೆಳಗಿಟ್ಟು, ಅಣ್ಣನ ಪಕ್ಕ ಕೂತು, ಚೀಲದಿಂದ ಒಂದು ಮುಳಗಾಯಿ ತೆಗೆದು, ನಾಲ್ಕು ಸೀಳು ಸೀಳಿ, ತೊಟ್ಟಿನ ಹತ್ತಿರ ಬಿಟ್ಟು ಬುಟ್ಟಿಗೆ ಹಾಕಿದೆ.

"ಅಕ್ಕಾರ, ನಾನೂ ಘಟ್ಟದಾಕಿನ. ನಮ್ಮೂರಾಗ ಇದನ್ನ ಹಿಂಗ ಹೆಚ್ಚೂದು, ಇಷ್ಟ ಪೂರ್ತಿ. ನಾಳೆ ಉಂಡು ನೋಡಿ ಆಮ್ಯಾಲ ಬೈರಿ."

ದೇವಕಿಯಕ್ಕ ನನ್ನನ್ನು ನೋಡಿದರು. ಅಣ್ಣನನ್ನು ನೋಡಿದರು. ಕೈಯಲ್ಲಿದ್ದ ಸೀಳಿದ ಮುಳಗಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿ ಬುಟ್ಟಿಗೆ ಹಾಕಿದರು. ಆಮೇಲೆ ಅವರು ತಮ್ಮ ಮುಂದಿದ್ದ ಕುಂಬಳಕಾಯಿಯನ್ನು ಸೊಸೆಯ ಕಡೆ ಸರಿಸಿ, ಚಾಪೆಯ ಮೇಲೆ ಕೂತಲ್ಲಿಂದಲೇ ಜರುಗಿ ಜರುಗಿ ನಮ್ಮ ಹತ್ತಿರ ಬಂದರು. ಚೀಲಕ್ಕೆ ಕೈ ಹಾಕಿ ಒಂದು ಮುಳಗಾಯಿ ತೆಗೆದರು. ತುದಿಗೆ ಚಾಕು ಇಟ್ಟು, ಅಣ್ಣನ ಮುಖ ನೋಡಿ, ಸಿಟ್ಟು ಇನ್ನೂ ಪೂರ್ತಿ ಇಳಿಯದ ದನಿಯಲ್ಲಿ ಕೇಳಿದರು:

"ತೊಟ್ಟು ತೆಗೀಬೇಕಾ, ಬೇಡ್ವಾ? ಸರಿಯಾಗಿ ಹೇಳಿ ಅಣ್ಣ, ಮತ್ತೆ ಹಾಳಾದ್ರೆ ನನ್ನನ್ನು ಹೇಳ್ಬಾರ್ದು."

"ತೊಟ್ಟು ಇರ್ಲಿರಿ ಅಕ್ಕಾರ" ಎಂದ ಅಣ್ಣ.